ಸೀತಾಫಲ ಹಚ್ಚುವ ಮೊದಲು ಅದರ ಹೂವು ನೋಡಿ

ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಕಡೆಯ ಸಂತೆಗಳಲ್ಲಿ ಸಸಿ ಮಾರುವ ಗಾಡಿಗಳು ಬಂದು ನಿಲ್ಲುತ್ತವೆ. ಮಾವು, ಪೇರಲ, ಚಿಕ್ಕು, ನಿಂಬೆ, ಕರಿಬೇವು ಎಲ್ಲ ಇರುತ್ತವೆ. ಈಚೆಗೆ ಆ ಗಾಡಿಗಳ ಹತ್ತಿರ ಒಂದು ಹೊಸ ಮಾತು ಕೇಳಿಬರುತ್ತಿದೆ: “ಸೆಲ್ಫ್ ಪಾಲಿನೇಷನ್ ಸೀತಾಫಲ.” ಒಂದೇ ಗಿಡ ಹಚ್ಚಿದರೆ ಸಾಕು, ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ, ಕಾಯಿ ತಾನೇ ಹಿಡಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಬೆಲೆ ಸಾದಾ ಸಸಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಅಂಗಳಕ್ಕೆ ಸೀತಾಫಲ ಹಚ್ಚಿರಿ, ಖಂಡಿತ ಹಚ್ಚಿರಿ. ಆದರೆ ಆ ಒಂದು ಮಾತಿಗಾಗಿ ಹೆಚ್ಚಿನ ದುಡ್ಡು ಕೊಡಬೇಡಿ.

ಇದನ್ನು ಬರೆಯಲು ಕಾರಣ ಇಳಕಲ್ಲಿನ ನನ್ನ ಖಾಲಾ. ಅವರ ಮನೆಯಲ್ಲಿ ಮಗ್ಗ ಇದೆ. ದಿನವಿಡೀ ಕುಣಿಯಲ್ಲಿ ಕುಳಿತು ಸೀರೆ ನೇಯುವವರಿಗೆ ಒಂದು ಸಸಿಗೆ ಕೊಡುವ ನೂರಾರು ರೂಪಾಯಿ ಸಣ್ಣ ಮೊತ್ತವಲ್ಲ. “ಅಕ್ಕಾರ, ಇದು ಸೆಲ್ಫ್ ಪಾಲಿನೇಷನ್ ಗಿಡ ರೀ, ಜೋಡಿ ಗಿಡ ಬೇಕಾಗೂದಿಲ್ಲ” ಎಂದು ಗಾಡಿಯವನು ಹೇಳಿದ್ದಕ್ಕೆ ತಂದು ಹಿತ್ತಲಲ್ಲಿ ಹಚ್ಚಿದರು. ಗಿಡ ಚೆನ್ನಾಗಿಯೇ ಬೆಳೆಯಿತು. ಮೂರನೆಯ ವರ್ಷ ಮೈತುಂಬ ಹೂ ಬಿಟ್ಟಿತು. ಎಲ್ಲ ಹೂವೂ ಉದುರಿದವು, ಒಂದು ಕಾಯಿಯೂ ನಿಲ್ಲಲಿಲ್ಲ. ಪಕ್ಕದ ಮನೆಯವರು ಬಂದು ನೋಡಿ, “ಇದು ಗಂಡ ಗಿಡ ಐತಿ, ಕಡದ ಹಾಕ್ರಿ” ಎಂದು ತೀರ್ಪು ಕೊಟ್ಟರು. ಖಾಲಾ ಕೊಡಲಿಗೆ ಹೇಳಿಯೂ ಆಗಿತ್ತು.

ಪಪ್ಪಾಯಿಯಲ್ಲಿ ಗಂಡು ಗಿಡ ಇದೆ. ಖರ್ಜೂರದಲ್ಲಿಯೂ ಇದೆ. ಸೀತಾಫಲದಲ್ಲಿ ಇಲ್ಲ. ಸೀತಾಫಲದ ಪ್ರತಿಯೊಂದು ಹೂವಿನಲ್ಲಿಯೂ ಹೆಣ್ಣು ಭಾಗ, ಗಂಡು ಭಾಗ ಎರಡೂ ಇರುತ್ತವೆ. ಹಾಗಾದರೆ ಕಾಯಿ ಏಕೆ ಕಟ್ಟುವುದಿಲ್ಲ? ದ್ವಿತೀಯ ಪಿಯುಸಿ ವಿಜ್ಞಾನದವರು ಇದಕ್ಕೆ ಉತ್ತರವನ್ನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುತ್ತಾರೆ. ಹೂಬಿಡುವ ಸಸ್ಯಗಳ ಅಧ್ಯಾಯದಲ್ಲಿ ಆಟೋಗ್ಯಾಮಿ, ಗೈಟನೋಗ್ಯಾಮಿ, ಝೀನೋಗ್ಯಾಮಿ ಎಂಬ ಮೂರು ಹೆಸರು ಬಾಯಿಪಾಠ ಮಾಡುತ್ತೇವೆ. ಅದೇ ಹೂವಿನ ಪರಾಗ ಅದೇ ಹೂವಿಗೆ ಬಿದ್ದರೆ ಮೊದಲನೆಯದು. ಅದೇ ಗಿಡದ ಬೇರೆ ಹೂವಿನಿಂದ ಬಂದರೆ ಎರಡನೆಯದು. ಬೇರೆ ಗಿಡದಿಂದ ಬಂದರೆ ಮೂರನೆಯದು. ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳೆಯರು ಹೆಸರು ಮರೆತರೂ ಪರವಾಗಿಲ್ಲ, ಈ ಮೂರು ದಾರಿಗಳನ್ನು ಮಾತ್ರ ನೆನಪಿಡಿ. ಗಾಡಿಯವನ ಮಾತಿನಲ್ಲಿರುವ ಗೊಂದಲವೆಲ್ಲ ಇಲ್ಲಿಯೇ ಇದೆ.

ಸೀತಾಫಲದ ಹೂವು ನೋಡಲು ಏನೂ ಚೆಂದವಿಲ್ಲ. ಹಸಿರು-ಹಳದಿ ಬಣ್ಣ, ದಪ್ಪನೆಯ ಮೂರು ಎಸಳು, ತಲೆ ಕೆಳಗೆ ಮಾಡಿ ಜೋತುಬಿದ್ದಿರುತ್ತದೆ. ಅದರೊಳಗೆ ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ. ಆಗ ಎಸಳುಗಳು ತುದಿಯಲ್ಲಿ ಸ್ವಲ್ಪ ಮಾತ್ರ ಬಿರಿದಿರುತ್ತವೆ, ಒಳಗಿನ ಶಲಾಕಾಗ್ರ ಅಂಟಂಟಾಗಿ ಹೊಳೆಯುತ್ತದೆ. ಗಂಡು ಭಾಗ ಆಗ ಇನ್ನೂ ಮುಚ್ಚಿಕೊಂಡಿರುತ್ತದೆ. ಅದು ಒಡೆದು ಪರಾಗ ಉದುರಿಸುವ ಹೊತ್ತಿಗೆ ಎಸಳು ಪೂರ್ತಿ ತೆರೆದಿರುತ್ತದೆ, ಶಲಾಕಾಗ್ರ ಒಣಗಿರುತ್ತದೆ. ಒಂದೇ ಮನೆಯ ಇಬ್ಬರು, ಒಬ್ಬರು ಹಗಲು ಪಾಳಿ, ಇನ್ನೊಬ್ಬರು ರಾತ್ರಿ ಪಾಳಿ ಎಂದ ಹಾಗೆ! ಹೀಗಾಗಿ ಮೊದಲನೆಯ ದಾರಿ, ಅಂದರೆ ಅದೇ ಹೂವು ತನಗೆ ತಾನೇ ಪರಾಗ ಕೊಟ್ಟುಕೊಳ್ಳುವುದು, ಸೀತಾಫಲದಲ್ಲಿ ಹೆಚ್ಚುಕಡಿಮೆ ಮುಚ್ಚಿಯೇ ಹೋಗಿದೆ.

ಎರಡನೆಯ ದಾರಿ ಮಾತ್ರ ಪೂರ್ತಿ ತೆರೆದಿದೆ. ಸೀತಾಫಲ ತನ್ನದೇ ಗಿಡದ ಪರಾಗವನ್ನು ಬೇಡ ಎನ್ನುವುದಿಲ್ಲ. ಇವತ್ತು ಈ ಟೊಂಗೆಯಲ್ಲಿ ಅರಳಿದ ಹೂವಿನ ಪರಾಗ ನಾಳೆ ಆ ಟೊಂಗೆಯಲ್ಲಿ ಬಿರಿಯುವ ಹೂವಿಗೆ ಸಿಕ್ಕರೆ ಕಾಯಿ ಕಟ್ಟುತ್ತದೆ. ಆದ್ದರಿಂದ “ಒಂದೇ ಗಿಡ ಸಾಕು” ಎನ್ನುವುದು ಸುಳ್ಳಲ್ಲ. ಆದರೆ ಅದು ದುಬಾರಿ ಸಸಿಯ ಗುಣವೇನೂ ಅಲ್ಲ, ಬಾದಾಮಿಯ ಗುಡ್ಡದಲ್ಲಿ ಯಾರೂ ಹಚ್ಚದೆ ಹುಟ್ಟಿದ ಗಿಡಕ್ಕೂ ಅದೇ ಗುಣ ಇದೆ. “ತಾನೇ ಮಾಡಿಕೊಳ್ಳುತ್ತದೆ” ಎನ್ನುವುದು ಸುಳ್ಳು. ಒಯ್ದು ಕೊಡುವವರು ಒಬ್ಬರು ಬೇಕು. ಇಲ್ಲದ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಕ್ಕೆ ನಮ್ಮ ಕಡೆ ಏನೆನ್ನುತ್ತಾರೋ ಅದನ್ನೇ ಇದಕ್ಕೂ ಅನ್ನಬೇಕು.

ಒಯ್ದು ಕೊಡುವವರು ಯಾರು? ಜೇನು ಎಂದುಕೊಂಡರೆ ತಪ್ಪು. ಈ ಹೂವಿನಲ್ಲಿ ಜೇನಿಗೆ ಬೇಕಾದ ಮಕರಂದ ಇಲ್ಲ. ಕೊಳೆತ ಹಣ್ಣಿನಲ್ಲಿ ಓಡಾಡುವ ಅಕ್ಕಿಕಾಳಿಗಿಂತ ಸಣ್ಣ ಕಂದು ದುಂಬಿಗಳಿವೆಯಲ್ಲ, ಅವು ಹಣ್ಣಿನಂಥ ಮಂದ ವಾಸನೆಗೆ ಮರುಳಾಗಿ ಹೂವಿನೊಳಗೆ ನುಗ್ಗುತ್ತವೆ. ಈ ಹೂವಿನಿಂದ ಆ ಹೂವಿಗೆ ಹೋಗುವಾಗ ಮೈಗೆ ಅಂಟಿದ ಪರಾಗವನ್ನೂ ಒಯ್ಯುತ್ತವೆ. ಸ್ಪೇನಿನ ಗ್ರಾನಡಾ ಕರಾವಳಿಯಲ್ಲಿ ಸೀತಾಫಲದ ಸಂಬಂಧಿ ಚೆರಿಮೋಯಾ ಬೆಳೆಯುತ್ತಾರೆ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಸೀಮೆ. ಗಿಡ ಸಮುದ್ರ ದಾಟಿತು, ತವರಿನ ದುಂಬಿ ದಾಟಲಿಲ್ಲ. ಹಾಗಾಗಿ ಅಲ್ಲಿಯ ರೈತರು ಕೈಯಿಂದಲೇ ಪರಾಗ ಹಚ್ಚುತ್ತಾರೆ. ತೈವಾನಿನಲ್ಲೂ ಇದು ತೋಟದ ಮಾಮೂಲಿ ಕೆಲಸ. ಅಷ್ಟು ಮುಂದುವರಿದ ದೇಶಗಳಲ್ಲಿ ಜನ ಬ್ರಷ್ ಹಿಡಿದು ಗಿಡದ ಕೆಳಗೆ ನಿಲ್ಲುತ್ತಿದ್ದಾರೆ ಎಂದರೆ, “ತಾನೇ ಮಾಡಿಕೊಳ್ಳುವ” ತಳಿ ಅಷ್ಟು ಸುಲಭವಾಗಿ ಸಂತೆಯಲ್ಲಿ ಸಿಗುವ ವಸ್ತುವಲ್ಲ ಎಂದು ತಿಳಿಯಬೇಕು.

ಪೂರ್ತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಚೆರಿಮೋಯಾ ಮತ್ತು ಸೀತಾಫಲ ಸೇರಿಸಿ ಮಾಡಿದ ಅಟೆಮೋಯಾ ಎಂಬ ಜಾತಿ ಇದೆ. ಅದರಲ್ಲಿ ಇಸ್ರೇಲಿನಿಂದ ಬಂದ ಗೆಫ್ನರ್ ಎಂಬ ತಳಿ ಕೈ ಹಚ್ಚದೆಯೂ ಒಳ್ಳೆಯ ಕಾಯಿ ಕೊಡುತ್ತದೆಂದು ಅಮೆರಿಕದ ಫ್ಲೋರಿಡಾದಲ್ಲಿ ಮನೆತೋಟದವರು ಅದನ್ನೇ ಆರಿಸುತ್ತಾರೆ. ಫ್ಲೋರಿಡಾದ ಗಾಳಿ ಬೇರೆ, ನಮ್ಮ ಗಾಳಿ ಬೇರೆ. ಏಪ್ರಿಲ್-ಮೇ ತಿಂಗಳ ಬಾಗಲಕೋಟೆಯ ಒಣ ಗಾಳಿಯಲ್ಲಿ, 40 ಡಿಗ್ರಿ ಬಿಸಿಲಿನಲ್ಲಿ ಯಾವ ತಳಿಯ ಶಲಾಕಾಗ್ರವಾದರೂ ಬೇಗ ಒಣಗುತ್ತದೆ, ಪರಾಗವೂ ಬೇಗ ಸಾಯುತ್ತದೆ. ಬೇಸಿಗೆಯಲ್ಲಿ ಬಿಟ್ಟ ಹೂವು ಬಹುಪಾಲು ಉದುರಿ, ಮಳೆ ಬಿದ್ದು ಗಾಳಿಯಲ್ಲಿ ತಂಪು ಬಂದ ಮೇಲೆ ಬಿಟ್ಟ ಹೂವಿಗೆ ಕಾಯಿ ನಿಲ್ಲುವುದು ಇದೇ ಕಾರಣಕ್ಕೆ. ಮೊದಲ ಹೂವು ಉದುರಿತು ಎಂದು ಗಿಡವನ್ನು ಬೈಯುವವರು ಜೂನ್-ಜುಲೈವರೆಗೆ ಕಾಯಬೇಕು.

ಈಗ ತಳಿಗಳ ವಿಷಯ. ನಮಗೆ ಸಿಗುವವು ಮುಖ್ಯವಾಗಿ ನಾಲ್ಕು. ಒಂದು, ನಮ್ಮದೇ ಗುಡ್ಡದ ಜವಾರಿ. ಎರಡು, ಬಾಲಾನಗರ. ಇದರ ಹೆಸರು ತೆಲಂಗಾಣದ ಮೆಹಬೂಬನಗರ ಸೀಮೆಯ ಊರಿನದು. ಮೂರು, ಸೊಲ್ಲಾಪುರ ಜಿಲ್ಲೆಯ ಬಾರ್ಶಿ ತಾಲ್ಲೂಕಿನ ರೈತ ನವನಾಥ ಕಸ್ಪಟೆಯವರು ಆರಿಸಿ ಬೆಳೆಸಿದ ಎನ್‌ಎಂಕೆ-1 ಗೋಲ್ಡನ್. ಬಾದಾಮಿ, ಬಾಗಲಕೋಟೆ ಎರಡೂ ಗದಗ-ಸೊಲ್ಲಾಪುರ ರೈಲು ದಾರಿಯಲ್ಲೇ ಇರುವುದರಿಂದ ಅದು ನಮಗೆ ದೂರದ್ದೇನಲ್ಲ. ನಾಲ್ಕು, ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್.

ಅರ್ಕಾ ಸಹನ್ ಬಗ್ಗೆ ನನಗೆ ಗೌರವವಿದೆ. ಐಲ್ಯಾಂಡ್ ಜೆಮ್ ಎಂಬ ಅಟೆಮೋಯಾ ಮತ್ತು ಮ್ಯಾಮತ್ ಎಂಬ ಸೀತಾಫಲವನ್ನು ಸೇರಿಸಿ ಮಾಡಿದ ಮಿಶ್ರತಳಿ ಅದು. ಬೀಜ ಕಡಿಮೆ, ತಿರುಳು ಹೆಚ್ಚು, ಸಿಹಿ 30 ಬ್ರಿಕ್ಸ್ ಆಸುಪಾಸು. ಜವಾರಿ ಹಣ್ಣು ಕಿತ್ತ ಎರಡು-ಮೂರು ದಿನಕ್ಕೆ ಮೆತ್ತಗಾಗಿ ಒಡೆದರೆ ಇದು ನಿಧಾನವಾಗಿ ಹಣ್ಣಾಗುತ್ತದೆ. ಹೆಸರಿನಲ್ಲಿರುವ ಸಹನೆ ಅದಕ್ಕೇ ಬಂದಿರಬೇಕು. ಆದರೆ ಈ ತಳಿಯಲ್ಲಿ ಒಳ್ಳೆಯ ಫಸಲು ಬೇಕಾದರೆ ಕೈಯಿಂದ ಪರಾಗ ಹಚ್ಚಬೇಕೆಂದು ಬೆಳೆಸುವವರೆಲ್ಲ ಹೇಳುತ್ತಾರೆ, ಆ ಪರಾಗಕ್ಕೆ ಜವಾರಿ ಸೀತಾಫಲದ ಗಿಡವನ್ನೇ ಹತ್ತಿರ ಇಟ್ಟುಕೊಳ್ಳುತ್ತಾರೆ. ಎಕರೆಗಟ್ಟಲೆ ಬೆಳೆದು ಬೆಂಗಳೂರಿಗೆ ಕಳಿಸುವ ರೈತರು ಅದನ್ನು ಮಾಡಲಿ, ಅವರಿಗೆ ಲೆಕ್ಕ ಕೂಡುತ್ತದೆ. ಒಂದೇ ಗಿಡಕ್ಕೆ ಜಾಗ ಇರುವ ಮನೆಯವರು, ಅದೂ ಹೂವಿನ ಕಡೆ ನೋಡಲು ಬಿಡುವಿಲ್ಲದವರು, ಜವಾರಿ ಇಲ್ಲವೇ ಬಾಲಾನಗರ ಹಚ್ಚುವುದೇ ಸರಿ. ದುಂಬಿ ಒಂದಷ್ಟು ಕೆಲಸ ಮಾಡಿಕೊಡುತ್ತದೆ, ನಾವು ಕೈ ಹಚ್ಚಿದರೆ ಇನ್ನಷ್ಟು ಬರುತ್ತದೆ. ಗೋಲ್ಡನ್ ಹಣ್ಣು ದೊಡ್ಡದು, ನೋಡಲು ಚೆಂದ. ದುಡ್ಡಿದ್ದವರು ಹಚ್ಚಲಿ, ಆದರೆ “ತಾನೇ ಕಾಯಿ ಹಿಡಿಯುತ್ತದೆ” ಎಂಬ ಕಾರಣಕ್ಕಲ್ಲ.

ಜವಾರಿ ಎಂದರೆ ಕೆಲವರಿಗೆ ತಾತ್ಸಾರ. ಬಾದಾಮಿಯಲ್ಲಿ ನನ್ನ ನಾನಿಯ ಮನೆ ಇದೆ. ಮಳೆಗಾಲ ಮುಗಿಯುವಾಗ ಗುಡ್ಡದ ಕಡೆಯಿಂದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಎಲೆ ಹಾಸಿ ಸೀತಾಫಲ ತರುತ್ತಾರೆ. ಹಣ್ಣು ಸಣ್ಣದು, ಬೀಜವೇ ಜಾಸ್ತಿ, ಆದರೆ ರುಚಿ! ನಾನಿ ಅದನ್ನು ಶರೀಫಾ ಎನ್ನುತ್ತಾರೆ, ಜೋಳದ ಕಣಜದಲ್ಲಿಟ್ಟು ಹಣ್ಣು ಮಾಡುತ್ತಾರೆ. ಆ ಗಿಡಗಳಿಗೆ ಯಾರೂ ನೀರು ಹಾಕಿಲ್ಲ, ಬ್ರಷ್ ಹಿಡಿದಿಲ್ಲ. ಕೆಂಪು ಮರಳುಗಲ್ಲಿನ ಸಂದಿಯಲ್ಲಿ ಬೇರು ಬಿಟ್ಟು ಇಷ್ಟು ಕಡಿಮೆ ಮಳೆಯಲ್ಲಿ ಬದುಕಿವೆ. ಅಲ್ಲಿ ಕಾಯಿ ಹೇಗೆ ಕಟ್ಟುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಒಂದರ ಪಕ್ಕ ಒಂದು ಹತ್ತಾರು ಗಿಡ ಇರುತ್ತವೆ, ಕೆಳಗೆ ಉದುರಿದ ಎಲೆ, ಕೊಳೆತ ಹಣ್ಣು ಹಾಗೆಯೇ ಬಿದ್ದಿರುತ್ತವೆ, ಔಷಧ ಹೊಡೆಯುವವರಿಲ್ಲ. ದುಂಬಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕೆ? ನಾವು ಮಾಡುವುದು ಇದರ ತಿರುಗ. ಗಿಡದ ಬುಡವನ್ನು ದಿನಾ ಗುಡಿಸಿ ಸ್ವಚ್ಛ ಮಾಡುತ್ತೇವೆ, ಸೊಳ್ಳೆಗೆಂದು ಸಂಜೆ ಔಷಧ ಹೊಡೆಯುತ್ತೇವೆ, ಸುತ್ತ ಸಿಮೆಂಟ್ ಹಾಕುತ್ತೇವೆ. ಆಮೇಲೆ ಕಾಯಿ ನಿಲ್ಲಲಿಲ್ಲ ಎನ್ನುತ್ತೇವೆ. ಹೂ ಬಿಡುವ ಎರಡು ತಿಂಗಳು ಬುಡದ ಒಣ ಎಲೆ ಹಾಗೇ ಇರಲಿ, ಮೇಲೆ ನಾಲ್ಕು ಕೊಳೆತ ಬಾಳೆಹಣ್ಣಿನ ಸಿಪ್ಪೆ ಬಿದ್ದಿರಲಿ. ಮನೆಯಲ್ಲಿ ಅಮ್ಮಿ ಬೈದರೆ ಈ ಲೇಖನ ತೋರಿಸಿ.

ಖಾಲಾ ಮನೆಯ ಗಿಡದ ಕಥೆಗೆ ಬರುತ್ತೇನೆ. ಕೊಡಲಿ ಬರುವ ಮೊದಲು ಒಂದು ವರ್ಷ ಬಿಡಿ ಎಂದು ನಾನು ಹಟ ಹಿಡಿದೆ. ಕಳೆದ ಜುಲೈನಲ್ಲಿ ರಜೆಗೆ ಹೋದಾಗ ಕೆಲಸ ಮಾಡಿದೆವು. ಸಂಜೆ ಎಸಳು ಪೂರ್ತಿ ತೆರೆದ ಹೂಗಳನ್ನು ಕಿತ್ತು ಒಣ ಕಾಗದದ ಮೇಲೆ ಹರಡಿ, ಮನೆಯೊಳಗೆ ತಂಪಿನಲ್ಲಿ ಇಟ್ಟೆವು. ಬೆಳಿಗ್ಗೆ ನೋಡಿದರೆ ಕಾಗದದ ಮೇಲೆ ಹಿಟ್ಟಿನಂತೆ ಪರಾಗ ಉದುರಿತ್ತು. ಡ್ರಾಯಿಂಗ್ ಕ್ಲಾಸಿನ ಸಣ್ಣ ಬ್ರಷ್ ತೆಗೆದುಕೊಂಡು, ಬಿಸಿಲೇರುವ ಮುಂಚೆ, ತುದಿ ಮಾತ್ರ ಬಿರಿದ ಹೂಗಳನ್ನು ಹುಡುಕಿ, ಎಸಳನ್ನು ಬೆರಳಿನಿಂದ ಮೆಲ್ಲಗೆ ಸರಿಸಿ, ಒಳಗಿನ ಹೊಳೆಯುವ ಗುಬ್ಬಿಗೆ ಸುತ್ತಲೂ ಸವರಿದೆವು. ಸವರಿದ ಹೂವಿಗೆ ಗುರುತಿಗೆ ಮಗ್ಗದ ಕೆಂಪು ನೂಲು ಕಟ್ಟಿದೆವು. ಒಂದು ಬೆಳಿಗ್ಗೆಗೆ ಹತ್ತು ನಿಮಿಷದ ಕೆಲಸ. ಒಂದು ವಾರ ಮಾಡಿದೆವು. ನೂಲು ಕಟ್ಟಿದ ಹೂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿ ನಿಂತವು, ಕಟ್ಟದವು ಬಹುತೇಕ ಉದುರಿದವು. ನಾಲ್ಕು ತಿಂಗಳಿಗೆ ಹಣ್ಣು ಬಂತು. ಗಂಡು ಗಿಡ ಎಂದವರ ಮನೆಗೂ ಎರಡು ಹಣ್ಣು ಕಳಿಸಿದ್ದಾರೆ ನಮ್ಮ ಖಾಲಾ.

ಸುತ್ತಲೂ ಸವರಬೇಕು ಎಂದೆನಲ್ಲ, ಅದಕ್ಕೂ ಕಾರಣವಿದೆ. ಸೀತಾಫಲ ಒಂದೇ ಹಣ್ಣಲ್ಲ. ಒಂದು ಹೂವಿನೊಳಗಿನ ಹಲವಾರು ಅಂಡಾಶಯಗಳು ಒಂದಕ್ಕೊಂದು ಅಂಟಿಕೊಂಡು ಒಂದು ಹಣ್ಣಿನಂತೆ ಕಾಣುತ್ತವೆ. ಮೇಲಿನ ಒಂದೊಂದು ಕಣ್ಣೂ ಒಂದೊಂದು ಬೇರೆ ಅಂಡಾಶಯ. ಒಂದೇ ಕಡೆ ಪರಾಗ ಬಿದ್ದರೆ ಆ ಕಡೆ ಮಾತ್ರ ಉಬ್ಬಿ, ಇನ್ನೊಂದು ಕಡೆ ಕುಗ್ಗಿ, ಹಣ್ಣು ಸೊಟ್ಟಗಾಗುತ್ತದೆ. ಸಂತೆಯಲ್ಲಿ ಸೊಟ್ಟ ಹಣ್ಣು ನೋಡಿದಾಗ ಗೊಬ್ಬರ ಸಾಲಲಿಲ್ಲ ಎನ್ನುವವರು ಬಹಳ. ಆ ಗಿಡಕ್ಕೆ ಸಾಲದೇ ಹೋದದ್ದು ಎಷ್ಟೋ ಸಲ ದುಂಬಿ.

ಇನ್ನು ನೆಲ. ತಳಿಗಿಂತ ಇದೇ ಹೆಚ್ಚು ಮುಖ್ಯ ಎಂದು ಹುನಗುಂದದ ನನ್ನ ಗೆಳೆಯನ ಮನೆ ನೋಡಿದ ಮೇಲೆ ಅನ್ನಿಸಿದೆ. ಅವರದು ಎರಿ ನೆಲ. ಗಿಡವನ್ನು ಬಚ್ಚಲ ನೀರು ಹರಿಯುವ ಕಡೆ ಹಚ್ಚಿದ್ದರು, ಬೇರು ಕೊಳೆತು ಹೋಯಿತು. ಸೀತಾಫಲ ಬರ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಎರಿ ನೆಲದವರು ಒಂದು ಮೊಳ ಏರು ಮಾಡಿ ಅದರ ಮೇಲೆ ಹಚ್ಚಬೇಕು. ಬಾದಾಮಿ ಕಡೆಯ ಮಸಾರಿಗೆ, ಇಳಕಲ್ಲಿನ ಕಲ್ಲುಮಿಶ್ರ ಕೆಂಪು ನೆಲಕ್ಕೆ ಈ ಚಿಂತೆ ಇಲ್ಲ. ನವನಗರದ ನಿವೇಶನಗಳಲ್ಲಿ ಇರುವವರು ಗೋಡೆಯಿಂದ ಆರೇಳು ಅಡಿ ಬಿಟ್ಟು ಹಚ್ಚಿದರೆ ಸಾಕು, ಇದು ಆಲದಂತೆ ಬೆಳೆಯುವ ಮರವಲ್ಲ, ಹತ್ತು-ಹದಿನೈದು ಅಡಿಗೆ ನಿಲ್ಲುತ್ತದೆ. ಬಕ್ರೀದ್‌ಗೆ ತಂದು ಕಟ್ಟಿದ ಹೋತ ನಮ್ಮ ಓಣಿಯಲ್ಲಿ ಗುಲಾಬಿ, ತುಳಸಿ, ಒಣಹಾಕಿದ ಟವೆಲ್‌ವರೆಗೆ ಎಲ್ಲವನ್ನೂ ತಿಂದಿದೆ, ಸೀತಾಫಲದ ಎಲೆಗೆ ಮಾತ್ರ ಬಾಯಿ ಹಾಕಿಲ್ಲ. ಆ ಎಲೆ ಅಷ್ಟು ಕಹಿ. ಬೇಲಿ ಇಲ್ಲದ ಮನೆಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ನಮ್ಮ ಕಾಲೇಜಿನಲ್ಲಿ ಈ ವರ್ಷ ಎನ್‌ಎಸ್‌ಎಸ್ ಘಟಕದವರು ಮನೆಗೊಂದು ಹಣ್ಣಿನ ಗಿಡ ಎಂದು ಹೆಸರು ಬರೆಸಿಕೊಳ್ಳುತ್ತಿದ್ದಾರೆ. ಸೀತಾಫಲದ ಮುಂದೆ ಹಲವರು ‘ಸೆಲ್ಫ್ ಪಾಲಿನೇಷನ್’ ಎಂದು ಆವರಣದಲ್ಲಿ ಬರೆದಿದ್ದಾರೆ. ಆ ಪದ ತೆಗೆಯಿರಿ ಎಂದು ನನ್ನ ವಿನಂತಿ. ಆ ಪದಕ್ಕೆ ಕೊಡುವ ದುಡ್ಡಿನಲ್ಲಿ ಎರಡು ಬಾಲಾನಗರ ಸಸಿ ಬರುತ್ತವೆ. ಒಂದು ನಿಮ್ಮ ಮನೆಗೆ, ಒಂದು ಪಕ್ಕದ ಮನೆಗೆ. ಎರಡು ಗಿಡ ಹತ್ತಿರ ಇದ್ದರೆ ಹೂವು ಬೇರೆ ಬೇರೆ ಹೊತ್ತಿಗೆ ಬಿಡುತ್ತವೆ, ಪರಾಗ ಸಿಗುವ ಅವಕಾಶ ಹೆಚ್ಚುತ್ತದೆ, ನೆರೆಯವರೊಡನೆ ಮಾತೂ ಉಳಿಯುತ್ತದೆ. ಸಸಿಯನ್ನು ಗಾಡಿಯಿಂದಲೇ ಕೊಳ್ಳಬೇಕೆಂದೇನಿಲ್ಲ. ಊರಿನಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಉದ್ಯಾನಗಿರಿಗೆ ನಮ್ಮಿಂದ ಆಟೊ ಹೋಗುತ್ತದೆ. ಅಲ್ಲಿ ಹೋಗಿ ಕೇಳಿದರೆ ಯಾವ ಸಸಿ ಯಾವುದೆಂದು ತಿಳಿದವರು ಹೇಳುತ್ತಾರೆ. ನಾವು ಬಾಗಲಕೋಟೆಯಲ್ಲಿ ಓದಿಯೂ ಗಾಡಿಯವನ ಬೋರ್ಡನ್ನೇ ನಂಬುವುದಾದರೆ ಏನು ಹೇಳುವುದು.

ಜೀವಶಾಸ್ತ್ರ ವಿಭಾಗದ ಉಪನ್ಯಾಸಕರಲ್ಲಿ ಇನ್ನೊಂದು ಕೇಳಿಕೆ. ಪರಾಗಸ್ಪರ್ಶದ ಪಾಠವನ್ನು ಕಪ್ಪು ಹಲಗೆಯ ಚಿತ್ರದಲ್ಲಿ ಮುಗಿಸುವ ಬದಲು ಜುಲೈ ತಿಂಗಳಿನ ಒಂದು ಬೆಳಿಗ್ಗೆ ಗಿಡದ ಕೆಳಗೆ ಮಾಡಿಸಿ. ನವನಗರದಲ್ಲಿ ನಮ್ಮ ಸಹಪಾಠಿಯ ಮನೆಯಲ್ಲಿ ಹೂ ಬಿಟ್ಟ ಎರಡು ಗಿಡ ಇವೆ, ಅವರ ಮನೆಯವರು ಒಪ್ಪಿದ್ದಾರೆ. ಹಿಂದಿನ ಸಂಜೆಯೇ ಹೂ ಕಿತ್ತಿಡಬೇಕಾಗುತ್ತದೆ. ಎಂಟು ಗಂಟೆಯೊಳಗೆ ಕೆಲಸ ಮುಗಿಯುತ್ತದೆ, ಮೊದಲ ಪೀರಿಯಡ್‌ಗೆ ತಡವಾಗುವುದಿಲ್ಲ.

ಕೊನೆಗೆ ಒಂದು ಎಚ್ಚರಿಕೆ, ವಿಷಯ ಬಂದಿರುವುದರಿಂದ ಹೇಳುತ್ತೇನೆ. ಹಣ್ಣು ತಿಂದ ಮೇಲೆ ಬೀಜವನ್ನು ಕುಟ್ಟಿ ಹೇನಿಗೆ ತಲೆಗೆ ಹಚ್ಚುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಪುಡಿಗೆ ಹೇನು ಸಾಯುವುದು ನಿಜ, ಆದರೆ ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಪಾಪೆಯ ಮೇಲಿನ ಪೊರೆ ಸುಟ್ಟಂತಾಗಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುವುದಿಲ್ಲ, ಆದರೆ ಕುಟ್ಟುವುದು, ಅಗಿಯುವುದು ಬೇಡ. ಒಣಗಿಸಿ ಇಟ್ಟುಕೊಂಡರೆ ಮುಂದಿನ ಮಳೆಗಾಲಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸಸಿ ಮಾಡಬಹುದು. ಬೀಜದ ಗಿಡ ಫಲ ಕೊಡಲು ಮೂರು-ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ, ಕಸಿಯದು ಒಂದು ವರ್ಷ ಮುಂಚೆ. ನಾನಿ ಕೊಟ್ಟ ಗುಡ್ಡದ ಹಣ್ಣಿನ ಬೀಜ ನನ್ನ ಹತ್ತಿರ ಒಂದು ಡಬ್ಬಿ ಇದೆ. ಬೇಕಾದವರು ಹಾಸ್ಟೆಲ್‌ಗೆ ಬಂದು ಒಯ್ಯಬಹುದು, ದುಡ್ಡು ಬೇಡ.